ಕಡಲೆಸಿಪ್ಪೆಯ ಬೆಂಚುಗಳು

ಮೊನ್ನೆ ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದರು. ಪ್ಲಾಸ್ಟಿಕ್ಕೂ ಕಡಲೆಕಾಯಿ ಸಿಪ್ಪೆಯೂ ಒಟ್ಟಿಗೆ ಸುಡುವ ಆ ವಾಸನೆ... ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ರಿಟೈರಾದ ಮೇಲೆ ಮಧುಗಿರಿ ರಸ್ತೆಯಲ್ಲೊಂದು ಶೆಡ್ಡು ಹಾಕಿ, ಹಳೇ ಕೊಡ, ಚೀಲಗಳ ಪ್ಲಾಸ್ಟಿಕ್ ಕರಗಿಸಿ, ಸಿಪ್ಪೆಯ ಪುಡಿ ಬೆರೆಸಿ ಹಲಗೆ ಒತ್ತತೊಡಗಿದರು. ಯಂತ್ರ ನೋಡಿಕೊಳ್ಳಲು ಹಳೇ ವಿದ್ಯಾರ್ಥಿನಿಯಾದ ನನ್ನನ್ನು ಕರೆದರು. ಕಷ್ಟವೆಲ್ಲ ಬಿಸಿಯದು. ಹೆಚ್ಚಾದರೆ ಸಿಪ್ಪೆ ಕರಕಲಾಗಿ ಹಲಗೆಯ ತುಂಬ ಗುಳ್ಳೆ. ಕಡಿಮೆಯಾದರೆ ಎರಡು ಬಗೆಯ ಪ್ಲಾಸ್ಟಿಕ್ ಸರಿಯಾಗಿ ಬೆರೆಯದೆ, ಪುಡಿಯನ್ನೂ ಹಿಡಿಯದೆ, ಒಳಗೊಳಗೇ ಪದರ ಪದರವಾಗಿ ಉಳಿಯುತ್ತಿತ್ತು. ಗುಳ್ಳೆ ಕಣ್ಣಿಗೆ ಕಾಣುತ್ತಿತ್ತು; ಪದರ ಕಾಣುತ್ತಿರಲಿಲ್ಲ.

ತಮ್ಮೂರ ಶಾಲೆಯ ಮಕ್ಕಳು ನೆಲದ ಮೇಲೆ ಕೂರುತ್ತಾರೆಂದು ಮೊದಲ ಬೆಂಚುಗಳನ್ನು ಅಲ್ಲಿಗೇ ಕೊಟ್ಟರು. ಅವನ್ನು ಮಾಡಿದ ವಾರ ಕರೆಂಟು ಕೈಕೊಡುತ್ತಿತ್ತು. ಓಲ್ಟೇಜ್ ಇಳಿದಾಗ ಬಿಸಿಯೂ ಇಳಿಯುತ್ತಿತ್ತು. ಮತ್ತೆ ಬಿಸಿ ಏರುವವರೆಗೆ ಯಂತ್ರ ನಿಲ್ಲಿಸುತ್ತಿದ್ದೆವು. ಬಿಸಿ ಅಳೆಯುವ ಮೀಟರಿನ ಮುಳ್ಳು ಸರಿಯಾಗಿಯೇ ತೋರಿಸುತ್ತಿತ್ತು. ಒಳಗೆ ಎಲ್ಲೋ ಬಿಸಿ ಸಾಲದೆ ಹೋಗಿದ್ದು...

ಒಂದು ಬೆಂಚು ಮುರಿಯಿತು. ಚೂಪಾದ ಚೂರೊಂದು ಪುಟ್ಟ ಹುಡುಗಿಯೊಬ್ಬಳ ಕಣ್ಣಿಗೆ ಹೊಕ್ಕಿತು. ಆಸ್ಪತ್ರೆಯಲ್ಲಿ ಅವಳ ತಾಯಿ ಕೂಗಾಡಲಿಲ್ಲ. "ಮೇಷ್ಟ್ರು ಮಾಡಿದ್ದು ಅಂತ ನಂಬಿ ಕೂರ್ಸಿದ್ವಲ್ಲ ಸಾ..." ಎಂದಳು ಮೇಷ್ಟ್ರ ಮುಖ ನೋಡಿ, ಅಷ್ಟೇ. ಆ ಕಣ್ಣು ಉಳಿಯಲಿಲ್ಲ.

ಮೇಷ್ಟ್ರು ಉಳಿದ ಬೆಂಚುಗಳನ್ನೆಲ್ಲ ವಾಪಸ್ಸು ತರಿಸಿ, ಶೆಡ್ಡಿನ ಮುಂದೆ ಕೂತು ಗರಗಸದಿಂದ ಕೊಯ್ದರು. ಕೊಯ್ದದ್ದೆಲ್ಲ ಒಳಗೆ ಚೆನ್ನಾಗಿ ಬೆರೆತು ಗಟ್ಟಿಯಾಗಿತ್ತು.

"ಇವೆಲ್ಲ ಚೆನ್ನಾಗವೆ ಸಾ, ಬುಡಿ," ಎಂದೆ.

"ಕೊಯ್ದ್ ಮ್ಯಾಲೆ ಗೊತ್ತಾಯ್ತು. ಕೊಯ್ಯದೆ ಇದ್ದಿದ್ರೆ ಹೆಂಗೆ ಗೊತ್ತಾಗ್ತಿತ್ತು ಕಣಮ್ಮ?" ಎಂದರು. ಕೈ ನಿಲ್ಲಿಸಲಿಲ್ಲ.

ಯಂತ್ರ ಶಿರಾದ ಗುಜರಿಗೆ ಹೋಯಿತು. ಆಮೇಲೆ ಅವರು ಶಾಲೆಯ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು. ನಾನು ಹೋದರೆ ಕಾಫಿ ಕೊಡಿಸುತ್ತಿದ್ದರು. ಒಮ್ಮೆ ಮಾತ್ರ, "ಆ ಮಗು ಹೆಂಗೈತೆ?" ಎಂದು ಕೇಳಿದರು. ಸ್ಕೂಲಿಗೆ ಹೋಗ್ತಾ ಐತೆ ಸಾ ಎಂದೆ. ಗೋಡೆ ಕಡೆ ತಿರುಗಿಕೊಂಡರು.

ಹೋದ ವರ್ಷ ತೀರಿಕೊಂಡರು. ಅವರ ಕೈಯಲ್ಲಿ ಕಲಿತವರು ಈ ಸೀಮೆಯಲ್ಲಿ ಎಷ್ಟು ಜನವೋ. ಆದರೂ ಅವರ ಮನೆಗೆ ಹೊರಟೆ ಎಂದರೆ ಜನ ಈಗಲೂ, "ಮಗೀನ ಕಣ್ಣು ಹೋಯ್ತಲ್ಲ, ಆ ಮೇಷ್ಟ್ರ ಮನೆಗಾ?" ಎನ್ನುತ್ತಾರೆ.

ಹೂಂ ಎಂದು ನಾನು ಮುಂದೆ ನಡೆಯುತ್ತೇನೆ.