ಕರಿಯ ನೋಡುತ್ತಿದ್ದ ಕಡೆ

ನಾಯಿಗೆ ಕೂಲಿಂಗ್ ಗ್ಲಾಸ್ ಹಾಕಿ ಫೋಟೋ ತೆಗೆಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ತುಮಕೂರಿನ ಬಟವಾಡಿಯಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಪಕ್ಕದ್ದೇ ಮನ್ಸೂರ್ ಅಲಿಯ ಸ್ಟುಡಿಯೋ. ಅಲ್ಲಿಗೆ ಬೆಕ್ಕಿನ ಮುಖಕ್ಕೆ ಪೌಡರ್ ಬಳಿದು ತಂದವರುಂಟು. ಕುಣಿಗಲ್‌ನಿಂದ ಒಬ್ಬ ಮೇಕೆಗೆ ಪೇಟ ಸುತ್ತಿ ಬಸ್ಸಿನಲ್ಲಿ ಕರೆತಂದಿದ್ದ. ಅದು ಹೆದರಿ ಸ್ಟುಡಿಯೋ ತುಂಬ ಹಿಕ್ಕೆ ಹಾಕಿತು, ಅವನು ನಿಂತು ನಗುತ್ತಿದ್ದ. ಥೂ ಎಂದು ಅವನಿಗೆ ಕೇಳುವಂತೆಯೇ ಅಂದಿದ್ದೆ.

ಎಲ್ಲರದೂ ಒಂದೇ ಹಠ. ನಾಲ್ಕು ಕಾಲು, ಬಾಲ ಪೂರ್ತಿ ಬೀಳಬೇಕು, ಪ್ರಾಣಿ ನಟ್ಟನಡುವೆ ಇರಬೇಕು. ಮನ್ಸೂರ್ ಒಪ್ಪುತ್ತಿರಲಿಲ್ಲ. ಕನ್ನಡಕ, ಪೇಟ ಎಲ್ಲ ಕಿತ್ತಿಟ್ಟು, ಪ್ರಾಣಿಯನ್ನು ಹಿತ್ತಿಲ ಎಳೆಬಿಸಿಲಿಗೆ ಒಯ್ದು, ಇಸ್ತ್ರಿ ಮಾಡಿದ ಶರ್ಟಿನಲ್ಲೇ ನೆಲದ ಮೇಲೆ ಬೋರಲು ಮಲಗುತ್ತಿದ್ದ. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಫೋಕಸ್ ಕಣ್ಣಿನ ಮೇಲೇ ಕೂರಬೇಕು.

"ನಾಯಿ ಯಾವ್ ಕಡೆ ನೋಡ್ತದೋ ಆ ಕಡೆ ಜಾಗ ಬಿಡ್ಬೇಕು ಕಣೋ ರಂಗಯ್ಯ. ಇಲ್ದಿದ್ರೆ ಗೋಡೆಗೆ ಮುಖ ಮಾಡಿ ನಿಲ್ಸಿದಂಗಾಯ್ತದೆ" ಎಂದು ನನಗೆ ಹೇಳುತ್ತಿದ್ದ.

ಗಿರಾಕಿಗಳು ಫೋಟೋ ನೋಡಿ, "ಅರ್ಧಕ್ಕರ್ಧ ಖಾಲಿ, ಬರೀ ವೇಸ್ಟು" ಎಂದು ಬೈದು ಹೋಗುತ್ತಿದ್ದರು. ಅವರನ್ನು ಕಂಡು ಅಸಹ್ಯ ಪಡುತ್ತಲೇ ನಾನು ಆ ವೇಸ್ಟು ಎಂಬ ಮಾತನ್ನು ಕಲಿತುಬಿಟ್ಟಿದ್ದೆ.

ಎಪ್ಪತ್ತೆಂಟರಲ್ಲಿ ಗುಬ್ಬಿಯ ರಂಗಲಕ್ಷ್ಮಮ್ಮ ಬಂದರು. ಆಕೆಗೆ ಬೇಕಿದ್ದದ್ದು ಗಂಡ ದ್ಯಾವಪ್ಪನವರ ಒಂದು ಫೋಟೋ. ಆತನೋ, ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎನ್ನುವ ಮನುಷ್ಯ. ಕ್ಯಾಮೆರಾ ಕಂಡರೆ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. "ಹೋಗ್ಲಿ ಬುಡಿ, ನಮ್ ನಾಯಿ ಕರಿಯಂದಾದ್ರೂ ತೆಗೀರಿ" ಎಂದಿದ್ದರಂತೆ ಆಕೆ ಮನ್ಸೂರನಿಗೆ. ಇದೆಲ್ಲ ನನಗೆ ಗೊತ್ತಾದದ್ದು ಐದು ವರ್ಷ ಕಳೆದ ಮೇಲೆ.

ಮನ್ಸೂರ್ ಗುಬ್ಬಿಗೇ ಹೋಗಿ ತೆಗೆದು ತಂದ. ಪ್ರಿಂಟಿನಲ್ಲಿ ಕರಿಯ ಎಡಗಡೆ ಕೂತು ಬಲಕ್ಕೆ ನೋಡುತ್ತಿತ್ತು. ಅದರ ಮುಂದೆ ಖಾಲಿ ಅಂಗಳ. ಬಲತುದಿಯಲ್ಲಿ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬರುತ್ತಿರುವ ಯಾರೋ ಮುದುಕ, ತುಸು ಮಸುಕಾಗಿ, ನಾಯಿಯನ್ನು ನೋಡಿ ನಗುತ್ತಿದ್ದ. ನನ್ನ ಹತ್ತಿರ ಇದ್ದ ಗಾಜಿಗೆ ಪ್ರಿಂಟ್ ಉದ್ದವಾಯಿತು. ಆವತ್ತು ಮನ್ಸೂರ್ ಮದುವೆಯ ಕೆಲಸಕ್ಕೆ ಹಿರೇಹಳ್ಳಿಗೆ ಹೋಗಿದ್ದ. ಕೇಳುವುದೇನು ಎಂದುಕೊಂಡು ಬಲಗಡೆಯ ವೇಸ್ಟನ್ನು ಮುದುಕನ ಸಮೇತ ಕತ್ತರಿಸಿದೆ. ಫೋಟೋ ಬಿಗಿಯಾಗಿ ಕೂರಲಿ ಎಂದು ಆ ತುಂಡನ್ನೇ ಹಿಂದಿನ ರಟ್ಟಿಗೆ ಬೋರಲು ಹಾಕಿ ಮೈದಾ ಅಂಟಿನಲ್ಲಿ ಮೆತ್ತಿದೆ. ಸಂಜೆ ರಂಗಲಕ್ಷ್ಮಮ್ಮ ಬಂದು, ನಾಯಿ ಚೆನ್ನಾಗಿ ಬಂದಿದೆ ಎಂದು ತೆಗೆದುಕೊಂಡು ಹೋದರು.

ಎಂಬತ್ತಮೂರರಲ್ಲಿ ಆಕೆ ಅದೇ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಬಂದರು. ದ್ಯಾವಪ್ಪ ತೀರಿಕೊಂಡಿದ್ದರು, ಕರಿಯನೂ ಇರಲಿಲ್ಲ. ನಾಯಿಯ ಫೋಟೋ ತೆಗೆಯುವಾಗ ಅವರದೂ ಎಲ್ಲಾದರೂ ಬಿದ್ದಿದೆಯೇ ಎಂದು ಕೇಳಲು ಬಂದಿದ್ದರು.

"ನಿಮ್ಮನೇಲೇ ಐತಲ್ಲಮ್ಮ. ಕರಿಯ ಅವ್ರನ್ನೇ ನೋಡ್ತಾ ಇತ್ತು, ಅದಕ್ಕೇ ಅವ್ರ್ ತನಕ ಜಾಗ ಬಿಟ್ಟು ತೆಗ್ದೆ. ಅವ್ರಿಗೆ ಗೊತ್ತಾದ್ರೆ ಹರಿದಾಕ್ತಾರೆ ಅಂತ ನೀವೂ ಸುಮ್ನಿದ್ದೀರಿ ಅನ್ಕೊಂಡಿದ್ದೆ" ಎಂದ ಮನ್ಸೂರ್. ಆಮೇಲೆ ಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಕೂಗಿದ.

ನೆಗೆಟಿವ್ ಬೂಸ್ಟು ಹಿಡಿದು ಹಾಳಾಗಿತ್ತು. ನಾನು ಮೊಳೆ ಕಿತ್ತು, ನೀರು ಸವರಿ ಸವರಿ ಆ ತುಂಡನ್ನು ರಟ್ಟಿನಿಂದ ಬಿಡಿಸಿದೆ. ಮುಖ ಇದ್ದ ಪದರ ರಟ್ಟಿಗೇ ಅಂಟಿಕೊಂಡು ಕಿತ್ತುಹೋಯಿತು. ನನ್ನ ಕೈಯಲ್ಲಿ ಉಳಿದದ್ದು ಪಂಚೆ, ಎರಡು ಕಾಲು, ಗುದ್ದಲಿ. ಮೇಕೆಗೆ ಪೇಟ ಸುತ್ತಿದವನ ಮೇಲೆ ಹುಟ್ಟಿದ ಹೇಸಿಗೆ ನನ್ನ ಮೇಲೆ ನನಗೆ ಹುಟ್ಟಿದ್ದರ ಮುಂದೆ ಏನೂ ಅಲ್ಲ. ಮನ್ಸೂರ್ ನನ್ನ ಕೈಯ ಕಡೆ ಒಮ್ಮೆ ನೋಡಿ ಒಳಗೆ ಹೋದ.

ನಾನು ತುಂಡನ್ನು ಮುಚ್ಚಿಡಲು ಹೋದೆ. ರಂಗಲಕ್ಷ್ಮಮ್ಮ ಕೈ ಚಾಚಿದರು.

"ಅದು ನಮ್ಮನೆಯವ್ರ ಗುದ್ಲಿ ಅಲ್ವಾ?"

"ಹೂಂನಮ್ಮ. ಆದ್ರೆ ಮುಖ ಇಲ್ಲ" ಎಂದೆ.

ಆಕೆ ಅದನ್ನು ಕರಿಯನ ಫೋಟೋದ ಬಲಕ್ಕೆ ಇಟ್ಟು ನೋಡಿದರು. "ಕರಿಯನ ಮುಂದೆ ಇಟ್ಟು ಕಟ್ಟಾಕ್ಕೊಡಪ್ಪ. ಅದಕ್ಕೆ ಗೊತ್ತಾಯ್ತದೆ" ಎಂದರು.