ಹಳದಿ ಕಣ್ಣಿನ ನಲವತ್ತೊಂದು ದಿನ

ರೈಲಿನ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುವ ಸದ್ದು ಕೇಶ್ವಾಪುರದ ಆ ಮನೆಗೆ ದಿನಾ ಬೆಳಿಗ್ಗೆ ಕೇಳುತ್ತದೆ. ಅಷ್ಟೊತ್ತಿಗೆ ಗುರುಪಾದ ಚಹಾ ಮುಗಿಸಿ ಹತ್ತಿ ಮಾರುಕಟ್ಟೆಗೆ ಹೊರಟಿರುತ್ತಿದ್ದರು. ಮೂವತ್ತು ವರ್ಷ ಅವರದು ಒಂದೇ ಕೆಲಸ. ಅಂಡಿಗೆಯಿಂದ, ಎಂದರೆ ಹತ್ತಿಯ ಮೂಟೆಯಿಂದ, ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಜಗ್ಗಿ, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳುವುದು. ಅವರು ಹೇಳಿದ ಮೇಲೆ ವ್ಯಾಪಾರಿಗಳು ಮರುಮಾತಾಡುತ್ತಿರಲಿಲ್ಲ.

ಈ ವರ್ಷ ಹೋಳಿ ಮುಗಿದ ವಾರ ಅವರ ಕಣ್ಣುಗಳು ಹಳದಿಯಾದವು. ಕಾಮಣಿ, ಎಂದರೆ ಕಾಮಾಲೆ, ಎಂದುಕೊಂಡು ಹೆಂಡತಿ ದಾಕ್ಷಾಯಿಣಿ ತವರೂರು ಅಮ್ಮಿನಬಾವಿಗೆ ಓಡಿದಳು. ಅಲ್ಲಿ ಎಲೆಯ ರಸ ಕೊಡುವ ಮನೆತನವಿದೆ. ಆಕೆಯ ಅಣ್ಣನಿಗೆ ಅದರಿಂದಲೇ ವಾಸಿಯಾಗಿತ್ತು. ಐದು ರವಿವಾರ ರಸ, ಎಣ್ಣೆ ಉಪ್ಪು ಬಿಟ್ಟ ಪಥ್ಯ. ಗಂಡನ ಪೈಜಾಮ ಸಡಿಲವಾದಾಗ, ಪಥ್ಯಕ್ಕೆ ಮೈ ಇಳಿದಿದೆ ಎಂದು ಸುಮ್ಮನಾದಳು. ಕಣ್ಣು ಮಾತ್ರ ತಿಳಿಯಾಗಲಿಲ್ಲ.

ಕೊನೆಗೆ ದವಾಖಾನೆಗೆ ಹೋದಾಗ ಡಾಕ್ಟರ್ ಮಾಯಾ, ಹಳದಿ ಬಂದು ಎಷ್ಟು ದಿನವಾಯಿತೆಂದು ಕೇಳಿದರು. ಗುರುಪಾದ ಹೆಂಡತಿಯ ಕಡೆ ನೋಡದೆ, ಎಂಟೊಂಬತ್ತು ದಿನ ಎಂದುಬಿಟ್ಟರು. ಅವರು ಸುಳ್ಳು ಹೇಳಿದ್ದನ್ನು ದಾಕ್ಷಾಯಿಣಿ ಎಂದೂ ಕೇಳಿರಲಿಲ್ಲ.

"ನಲವತ್ತೊಂದು ದಿನರಿ," ಎಂದಳು.

ಸ್ಕ್ಯಾನ್ ಬಂತು. ಮೇದೋಜೀರಕದಲ್ಲಿ ಗಡ್ಡೆ, ಕ್ಯಾನ್ಸರ್. ಎಷ್ಟು ದಿನ ಬದುಕುತ್ತಾರೆ ಎಂಬುದನ್ನು ಏನು ನೋಡಿ ಹೇಳುತ್ತೀರಿ ಎಂದು ಗುರುಪಾದ ಕೇಳಿದರು. ಡಾಕ್ಟರ್ ಮುಚ್ಚಿಡಲಿಲ್ಲ. ಗಡ್ಡೆ ಎಷ್ಟು ದೊಡ್ಡದು, ಲಿವರಿಗೆ ಹರಡಿದೆಯೋ, ತೂಕ ಎಷ್ಟು ಇಳಿದಿದೆ, ಎಲ್ಲಕ್ಕಿಂತ ಮೊದಲು, ಅದನ್ನು ಕೊಯ್ದು ತೆಗೆಯಲು ಬರುತ್ತದೋ ಇಲ್ಲವೋ, ಇವನ್ನು ನೋಡುತ್ತೇವೆ ಎಂದರು.

"ಅಂದ್ರ ನೀವೂ ನಮ್ಮಂಗ ಎಳಿ ಜಗ್ಗಿ ನೋಡಾವ್ರು ಅನ್ರಿ, ಮೇಡಮ್ಮಾರ," ಎಂದು ಅವರು ನಕ್ಕರು. "ನಂದು ಯಾವ ನಮೂನಿ ಹತ್ತಿ?"

ಡಾಕ್ಟರ್ ನಗಲಿಲ್ಲ. ಗಡ್ಡೆ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಈಗ ಆಪರೇಶನ್ ಆಗುವುದಿಲ್ಲ, ಕಿಮೋ ಕೊಟ್ಟು ನೋಡೋಣ, ಆದರೆ ಹೆಚ್ಚಿನ ಆಸೆ ಬೇಡ ಎಂದರು.

"ನಲವತ್ತು ದಿನದ ಹಿಂದ ಬಂದಿದ್ರ?" ದಾಕ್ಷಾಯಿಣಿ ಕೇಳಿದಳು.

"ಆವಾಗೂ ಸುತ್ತಿಕೊಂಡಿರಬಹುದಿತ್ರಿ ಅಮ್ಮಾ. ಇಲ್ಲದೇನೂ ಇರಬಹುದಿತ್ತು. ನನಗ ಹೇಳಾಕ ಬರೂದಿಲ್ಲ."

ಆಕೆಗೆ ಹೌದು ಎಂದಿದ್ದರೂ ಸಾಕಿತ್ತು, ಇಲ್ಲ ಎಂದಿದ್ದರೂ ಸಾಕಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು.

"ರೀ, ನಾ ಆವತ್ತ ಅಮ್ಮಿನಬಾವಿಗೆ ಹೋಗದಿದ್ರ..."

"ತಂದಾಕಿ ನೀನು, ಕುಡದಾಂವ ನಾನು," ಎಂದರು ಗುರುಪಾದ. ಸ್ಕ್ಯಾನಿನ ಲಕೋಟೆಯನ್ನು ಆಕೆಯ ಕೈಯಿಂದ ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು. "ನಾ ಹೋದಮ್ಯಾಲೂ ಈ ಲೆಕ್ಕ ಹಾಕ್ಕೋತ ಕೂಡಬ್ಯಾಡ ದಾಕ್ಷಿ. ಯಾರರ ಕೇಳಿದ್ರ ಎಂಟ ದಿನ ಅಂತನ ಹೇಳು, ನಿನ್ನ ಮ್ಯಾಲ ಮಾತು ಬರಬಾರದು," ಎನ್ನುತ್ತ, ಆಕೆ ಏಳುವುದನ್ನೂ ಕಾಯದೆ, ಮುಖ ಅತ್ತ ತಿರುಗಿಸಿ ಮೆಟ್ಟಿಲಿಳಿದು ಹೊರಟರು.