ಎರಡನೇ ನಿರ್ಣಯಕ್ಕೆ ಕಾದು ಕೂತ ಅಂಕಲ್

ಇರಾಕ್ ಯುದ್ಧಕ್ಕೆ ಮುಂಚಿನ ಚಳಿಗಾಲದಲ್ಲಿ ನಾನು ಯೋಕೋಹಾಮಾದಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದೆ. ಹಗಲೆಲ್ಲ ಟೋಕಿಯೋದ ಆಫೀಸಿನಲ್ಲಿ ಕೋಡ್ ಬರೆಯುತ್ತಿದ್ದೆ, ಅದು ಹೊಟ್ಟೆಪಾಡು. ಸಂಜೆ ಮನೆಗೆ ಬಂದು ಟಿವಿಯಲ್ಲಿ ಇಂಗ್ಲಿಷ್ ವಾರ್ತೆ ಹಾಕಿದ ಮೇಲೆ ನನ್ನ ನಿಜವಾದ ಉದ್ಯೋಗ, ಮಿಮಿಕ್ರಿ, ಶುರು. ಬಾಯಲ್ಲಿ ಬಿಸಿ ಬೋಂಡಾ ಇದ್ದವನ ಹಾಗೆ, "ಮೈ ಡಿಯರ್ ಸರ್, ವಿ ಆರ್ ಎಕ್ಸ್‌ಪ್ಲೋರಿಂಗ್ ಎವೆರಿ ಅವೆನ್ಯೂ" ಎನ್ನುತ್ತಿದ್ದೆ. ನನ್ನ ಕಪ್ಪು ಮೋರೆಗೂ ಆ ದನಿಗೂ ಹೊಂದಾಣಿಕೆ ಇರಲಿಲ್ಲವಾದ್ದರಿಂದ ಫೋನಿನಲ್ಲಿ ನಾನು ಹೆಚ್ಚು ಯಶಸ್ವಿ.

ಫೋನಿನಲ್ಲಿ ನನಗಿದ್ದ ಅಭಿಮಾನಿ ಒಬ್ಬರೇ, ನನ್ನ ರೂಮ್‌ಮೇಟ್‌ನ ಅಪ್ಪ. ನಾನು ಅಂಕಲ್ ಎನ್ನುತ್ತಿದ್ದೆ. ಮೈಸೂರಿನವರು, ಕುವೈತಿನಲ್ಲಿ ಸ್ಟೋರ್‌ಕೀಪರ್. ಇರಾಕ್ ಕುವೈತಿಗೆ ನುಗ್ಗಿದ ಹಿಂದಿನ ಯುದ್ಧದಲ್ಲಿ ಎಲ್ಲವನ್ನೂ ಬಿಟ್ಟು, ಒಂದು ಕೈಚೀಲ ಹಿಡಿದು ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಊರು ಸೇರಿದ್ದವರು, ಎಲ್ಲ ತಣ್ಣಗಾದ ಮೇಲೆ ಮತ್ತೆ ಅಲ್ಲಿಗೇ ಹೋಗಿದ್ದರು. ಆ ಯುದ್ಧದ ದಿನಗಳಲ್ಲಿ ಅವರಿಂದ ಸುದ್ದಿಯೇ ಇರಲಿಲ್ಲ. ಅಮ್ಮನ ಜೊತೆ ಬಾಗಿಲಲ್ಲಿ ಕೂತು ಪೋಸ್ಟ್‌ಮ್ಯಾನ್ ದಾರಿ ಕಾದಿದ್ದನ್ನು ರೂಮ್‌ಮೇಟ್ ಒಮ್ಮೆ ಹೇಳಿದ್ದ. ಈಗ ಅದೇ ಅಪ್ಪ ಕುವೈತ್ ಬಿಟ್ಟು ಹೊರಡಲು ಒಪ್ಪುತ್ತಿರಲಿಲ್ಲ. ಫೋನಿನಲ್ಲಿ ಮಗನಿಗೆ ಹೀಗೆನ್ನುತ್ತಿದ್ದರು:

"ಬ್ರಿಟಿಷರು ಕಾಗದಪತ್ರ ಇಲ್ದೆ ಒಂದ್ ಬಾಗಿಲೂ ತೆಗೆಯಲ್ಲ ಕಣೋ. ವಿಶ್ವಸಂಸ್ಥೇಲಿ ಯುದ್ಧಕ್ಕೆ ಒಪ್ಪಿಗೆ ಕೊಡೋ ಎರಡನೇ ನಿರ್ಣಯ ಆಗ್ಲಿ, ಅವತ್ತೇ ಹೊರಡ್ತೀನಿ. ನಮ್ಮ ಬ್ರಿಟಿಷ್ ಮ್ಯಾನೇಜರ್ ಸಾಹೇಬ್ರೂ ಅದನ್ನೇ ಅಂತಾರೆ. ಎಲ್ಲಿ, ನಿನ್ನ ರಾಯಭಾರಿಗೆ ಫೋನ್ ಕೊಡು."

ನಾನು ಎವೆರಿ ಅವೆನ್ಯೂ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ರೂಮ್‌ಮೇಟ್ ಅನ್ನಕ್ಕೆ ಮೊಸರು ಹಾಕಿಕೊಂಡು, ಕಲೆಸುತ್ತಾ, ತಿನ್ನದೆ ಕೂತಿರುತ್ತಿದ್ದ.

ಆಫೀಸಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಕಚೋ-ಸಾನ್ ಎನ್ನುತ್ತಿದ್ದರು. ಅವರ ನಿಟ್ಟುಸಿರನ್ನು ನಾನು ಅವರಿಗಿಂತ ಚೆನ್ನಾಗಿ ಬಿಡುತ್ತಿದ್ದೆ. ಅಲ್ಲಿ ಮೀಟಿಂಗ್‌ನಲ್ಲಿ ಯಾವುದೂ ತೀರ್ಮಾನವಾಗುತ್ತಿರಲಿಲ್ಲ. ವಾರಗಟ್ಟಲೆ ಮೊದಲೇ ಒಬ್ಬೊಬ್ಬರ ಮೇಜಿಗೂ ಹೋಗಿ, ಬಗ್ಗಿ, ಒಪ್ಪಿಸಿ ಬರಬೇಕು. ಇದಕ್ಕೆ ನೆಮಾವಾಶಿ ಎನ್ನುತ್ತಾರೆ. ಮೀಟಿಂಗ್ ಇರುವುದು ತಲೆಯಾಡಿಸುವುದಕ್ಕೆ. ಇದು ತಿಳಿಯದೆ ನಾನು ಮೊದಲ ಮೀಟಿಂಗ್‌ನಲ್ಲೇ ಎದ್ದು ನಿಂತು ಸಲಹೆ ಕೊಟ್ಟವನು. ಎಲ್ಲರೂ ನಾನು ಮೂರ್ಛೆ ರೋಗಿಯೋ ಏನೋ ಎಂಬಂತೆ ಕಾಳಜಿಯಿಂದ ನೋಡಿದ್ದರು.

ಒಂದು ದಿನ ಊಟದ ಕೋಣೆಯ ಟಿವಿಯಲ್ಲಿ ಬ್ರಿಟಿಷ್ ಮಂತ್ರಿಗಳು ಆ ನಿರ್ಣಯಕ್ಕೆ ಮತ ಕೇಳುತ್ತಾ ದೇಶ ದೇಶ ಸುತ್ತುತ್ತಿದ್ದರು. ಬೆನ್ನಿಗೇ ಅವರ ಸೈನಿಕರು ಮರುಭೂಮಿಯಲ್ಲಿ ಡೇರೆ ಹೊಡೆದುಕೊಂಡಿರುವ ದೃಶ್ಯ. ಕಚೋ-ಸಾನ್ ಸೋಬಾ ನೂಡಲ್ಸ್ ಹೀರುವುದನ್ನು ನಿಲ್ಲಿಸಿದರು.

"ನೆಮಾವಾಶಿ" ಎಂದರು. "ಆದರೆ ತಿರುಗುಮುರುಗು. ಸೈನ್ಯ ಆಗಲೇ ಹೋಗಿದೆ, ಒಪ್ಪಿಗೆ ಈಗ ಕೇಳುತ್ತಿದ್ದಾರೆ. ನಮ್ಮಲ್ಲಾಗಿದ್ದರೆ ಇವರನ್ನು ನಗೋಯಾ ಶಾಖೆಗೆ ಎತ್ತಂಗಡಿ ಮಾಡುತ್ತಿದ್ದರು."

ಆಮೇಲೆ ಮತ್ತೆ ಸೋಬಾ ಹೀರಿದರು. ನನಗೆ ಮಾತ್ರ ಒಂದು ವಿಷಯ ಹೊಳೆಯಿತು. ಒಪ್ಪಿಗೆ ಸಿಕ್ಕರೂ ಸಿಗದಿದ್ದರೂ ಯುದ್ಧ ನಡೆಯುತ್ತದೆ, ಅಂಕಲ್ ಕಾಯುತ್ತಲೇ ಇರುತ್ತಾರೆ.

ಶನಿವಾರ ಮಧ್ಯಾಹ್ನ ಫೋನ್ ಮಾಡಿದೆವು. ಅಲ್ಲಿ ಬೆಳಗಿನ ಹೊತ್ತು, ಅವರಿನ್ನೂ ಕೆಲಸಕ್ಕೆ ಹೊರಟಿರಲಿಲ್ಲ. ನಾನೇ ಮಾತಾಡಿದೆ. ನೆಮಾವಾಶಿ, ಸೈನ್ಯ, ಡೇರೆ ಎಲ್ಲ ವಿವರಿಸಿದೆ.

"ಇದು ಯಾರ ದನಿ?" ಎಂದು ಕೇಳಿದರು.

"ನಂದೇ ಅಂಕಲ್."

"ಅದಕ್ಕೇ ನಗು ಬರ್ತಿಲ್ಲ. ರಾಯಭಾರೀನ ಕರಿಯೋ ಮಾರಾಯ."

ರೂಮ್‌ಮೇಟ್ ಗೋಡೆ ಕಡೆ ತಿರುಗಿಬಿಟ್ಟ. ಬೇರೆ ದಾರಿ ಕಾಣದೆ ನಾನು ಮತ್ತೆ ಆ ಇಲ್ಲದ ಬೋಂಡಾ ಬಾಯಿಗೆ ಹಾಕಿಕೊಂಡೆ. "ಮೈ ಡಿಯರ್ ಸರ್, ನಿಮ್ಮ ಮ್ಯಾನೇಜರ್ ಸಾಹೇಬರ ಮೇಡಂ ಕ್ಷೇಮವೇ?"

ಅವರಿಗೆ ಖುಷಿಯಾಯಿತು. "ವೆರಿ ಫೈನ್ ಸರ್! ಮೇಡಂ ವೆಂಟ್ ಟು ಲಂಡನ್ ಸರ್, ಲಾಂಗ್ ಲೀವ್."

"ಅಂಡ್ ದಿ ಚಿಲ್ಡ್ರನ್?"

"ಚಿಲ್ಡ್ರನ್ ಆಲ್ಸೋ ಸರ್. ಡಾಗ್ ಆಲ್ಸೋ. ಪಿಯಾನೋ ಆಲ್ಸೋ ಸರ್. ಮರದ ಪೆಟ್ಟಿಗೆ ನಾನೇ ಇಶ್ಯೂ ಮಾಡ್ದೆ, ನಮ್ಮ ಸ್ಟೋರ್‌ನಿಂದಲೇ..."

ಅಲ್ಲಿಗೆ ನಿಂತರು. ಆ ಕಡೆ ಯಾವುದೋ ನಲ್ಲಿ ಸುರಿಯುತ್ತಿತ್ತು. ಅದನ್ನು ಅವರು ಹೋಗಿ ನಿಲ್ಲಿಸಿ ಬಂದರು.

"ಮಗನಿಗೆ ಕೊಡು" ಎಂದರು, ಕನ್ನಡದಲ್ಲಿ.

ರೂಮ್‌ಮೇಟ್ ರಿಸೀವರ್ ಕಿತ್ತುಕೊಂಡ. ಅಂಕಲ್ ದನಿ ಹೊರಗೂ ಕೇಳುತ್ತಿತ್ತು. "ರಜೆಗೆ ಅರ್ಜಿ ಹಾಕ್ತೀನಿ ಕಣೋ. ಆದ್ರೆ ಸಾಹೇಬ್ರಿಗೆ ಏನಂತ ಹೇಳ್ಲಿ? ಹೆದ್ರಿ ಓಡ್ತಿದೀನಿ ಅಂದ್ಕೋತಾರೆ."

"ಲಾಂಗ್ ಲೀವ್ ಅನ್ನಿ ಅಪ್ಪಾ. ಅವರ ಮೇಡಂನ ಹೆದ್ರಿದ್ರಾ ಅಂತ ಯಾರೂ ಕೇಳ್ಳಿಲ್ವಲ್ಲ."

ಯುದ್ಧ ಶುರುವಾದ ದಿನ ಅವರು ಮೈಸೂರಿನ ಮನೆಯಲ್ಲಿ ಮಾವಿನಕಾಯಿ ಚಿತ್ರಾನ್ನ ತಿನ್ನುತ್ತಿದ್ದರು. ಎರಡನೇ ನಿರ್ಣಯ ಮತಕ್ಕೇ ಬಂದಿರಲಿಲ್ಲ. ಫೋನಿನಲ್ಲಿ ನನ್ನನ್ನೇ ಕರೆಸಿ, "ಏನಯ್ಯಾ, ನಿಮ್ಮ ಸರ್ಕಾರ ಹೀಗೆ ಮಾಡಬಹುದಾ?" ಎಂದು ಜೋರು ಮಾಡಿದರು. ಬ್ರಿಟನ್ನಿನ ಪರವಾಗಿ ನಾನು ಕ್ಷಮೆ ಕೇಳಿದೆ. ಯಾರಾದರೂ ಕೇಳಬೇಕಿತ್ತಲ್ಲ.